ಅಳತೆಗೋಲೇ ವರ್ಷಕ್ಕೊಂದು ಉದ್ದ ಆದರೆ ಅಂಕಕ್ಕೇನು ಬೆಲೆ?

ಮೊದಲು ಈ ಅಂಕಿಗಳನ್ನು ನೋಡಿ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ 625ಕ್ಕೆ 625 ಅಂಕ ತೆಗೆದವರು 2019ರಲ್ಲಿ 2 ಮಂದಿ, 2020ರಲ್ಲಿ 6 ಮಂದಿ. 2021ರಲ್ಲಿ 157. 2022ರಲ್ಲಿ 145. 2023ರಲ್ಲಿ 4. 2024ರಲ್ಲಿ ಒಬ್ಬರೇ ಒಬ್ಬರು. 2025ರಲ್ಲಿ 22.

ಎರಡು ವರ್ಷ ರಾಜ್ಯದ ಮಕ್ಕಳೆಲ್ಲ ಇದ್ದಕ್ಕಿದ್ದಂತೆ ಬುದ್ಧಿವಂತರಾಗಿ, ಮೂರನೇ ವರ್ಷ ಮತ್ತೆ ದಡ್ಡರಾದರೇ? ಖಂಡಿತ ಇಲ್ಲ. ಮಕ್ಕಳು ಅವರೇ, ಮೇಷ್ಟ್ರುಗಳೂ ಅವರೇ. ಬದಲಾಗಿದ್ದು ಅಳತೆಗೋಲು. 2021ರಲ್ಲಿ ಕೋವಿಡ್ ಕಾರಣಕ್ಕೆ ಆರು ವಿಷಯಗಳ ಪರೀಕ್ಷೆಯನ್ನು ಎರಡೇ ದಿನದಲ್ಲಿ, ಬಹು ಆಯ್ಕೆ ಪ್ರಶ್ನೆಗಳಲ್ಲಿ ಮುಗಿಸಲಾಯಿತು. ಬಹುತೇಕ ಎಲ್ಲರೂ ಪಾಸಾದರು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ! ಆ ಕೃಪಾಂಕವನ್ನು ಮುಖ್ಯಮಂತ್ರಿಗಳೇ ಪ್ರಶ್ನಿಸಿದರು, ಮರುವರ್ಷ ಅದು ಹೋಯಿತು. ಈಗ 2025-26ರಿಂದ ಪಾಸಾಗಲು ಶೇ 35 ಬೇಡ, ಒಟ್ಟಾರೆ ಶೇ 33 ಸಾಕು, ಒಂದೊಂದು ವಿಷಯದಲ್ಲಿ ಶೇ 30 ಬಂದರೆ ಆಯಿತು ಎಂಬ ಹೊಸ ನಿಯಮ ಬಂದಿದೆ.

ಏಳು ವರ್ಷದಲ್ಲಿ ಇಷ್ಟು ಸಲ ಉದ್ದ-ಗಿಡ್ಡ ಆದ ಗೋಲನ್ನು ಹಿಡಿದುಕೊಂಡು, "ನಮ್ಮ ಪರೀಕ್ಷೆಯನ್ನು ಕಾಲೇಜಿಗೆ, ಕೆಲಸಕ್ಕೆ ಹೊಂದಿಸಬೇಕು" ಎಂದು ಭಾಷಣ ಮಾಡುವವರನ್ನು ಕಂಡರೆ ನಗು ಬರುತ್ತದೆ. ಹೊಂದಿಸುವುದು ಆಮೇಲಿನ ಮಾತು. ಮೊದಲು ಅಂಕ ಅಂದರೆ ಏನು ಎಂದು ಹೇಳಿ.

ಅಂಕವೇ ಕೆಲಸ ಕೊಡುವ ಕಡೆ

"ಎಸ್ಸೆಸ್ಸೆಲ್ಸಿ ಅಂಕ ಯಾರು ಕೇಳ್ತಾರೆ, ಮುಂದೆ ಪಿಯುಸಿ, ಸಿಇಟಿ ಇದ್ದೇ ಇದೆಯಲ್ಲ" ಎನ್ನುವುದು ಪಟ್ಟಣದವರ ಮಾತು. ಹಳ್ಳಿಯಲ್ಲಿ ಆ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಟ್ರಂಕಿನಲ್ಲಿಟ್ಟು ಕಾಪಾಡುತ್ತಾರೆ. ಯಾಕೆಂದರೆ ಕೆಲವು ಕೆಲಸಗಳು ಸಿಗುವುದೇ ಅದರ ಮೇಲೆ.

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆ ತೆಗೆದುಕೊಳ್ಳಿ. ಲಿಖಿತ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಹತ್ತನೇ ತರಗತಿಯ ಶೇಕಡಾವಾರು ಅಂಕವನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಲೆಕ್ಕ ಹಾಕಿ ಮೆರಿಟ್ ಪಟ್ಟಿ ಮಾಡುತ್ತಾರೆ. ಕೆಪಿಟಿಸಿಎಲ್ 2024ರ ಅಕ್ಟೋಬರಿನಲ್ಲಿ ಕಿರಿಯ ಪವರ್‌ಮ್ಯಾನ್, ಕಿರಿಯ ಸ್ಟೇಷನ್ ಪರಿಚಾರಕ ಎಂದು 2,975 ಹುದ್ದೆಗೆ ಅರ್ಜಿ ಕರೆಯಿತು. ಅಲ್ಲೂ ಕಂಬ ಹತ್ತಿ ತೋರಿಸಿದವರ ನಡುವೆ ಆಯ್ಕೆಗೆ ಇಟ್ಟ ಅಳತೆ ಎಸ್ಸೆಸ್ಸೆಲ್ಸಿ ಅಂಕ. ಐಟಿಐ, ಡಿಪ್ಲೊಮಾ ಸೀಟು ಹಂಚುವುದೂ ಅದೇ ಅಂಕದ ಮೇಲೆ.

ಈಗ ಲೆಕ್ಕ ಹಾಕಿ. ಒಬ್ಬ ಹುಡುಗ 2019ರಲ್ಲಿ ಮೂರು ಗಂಟೆ ಕೂತು ಪ್ರಬಂಧ, ಪ್ರಮೇಯ, ಚಿತ್ರ ಎಲ್ಲ ಬರೆದು ಶೇ 84 ತೆಗೆದ. ಇನ್ನೊಬ್ಬ 2021ರಲ್ಲಿ ಓಎಂಆರ್ ಹಾಳೆಯಲ್ಲಿ ಗುಂಡು ತುಂಬಿ ಶೇ 92 ತೆಗೆದ. ಇಬ್ಬರೂ ಒಂದೇ ಹುದ್ದೆಗೆ ಅರ್ಜಿ ಹಾಕಿದರು. ಪಟ್ಟಿಯಲ್ಲಿ ಯಾರ ಹೆಸರು ಮೇಲೆ? ನಾಲ್ಕು ದಶಮಾಂಶದವರೆಗೆ ಕರಾರುವಾಕ್ಕಾಗಿ ಅನ್ಯಾಯ ಮಾಡುವುದು ಅಂದರೆ ಇದು. 2021ರ ಹುಡುಗನದ್ದೂ ತಪ್ಪಿಲ್ಲ, ಅವನೇನು ಕೊರೊನಾ ಕರೆಸಿದವನಲ್ಲ. 2024ರಲ್ಲಿ ಕ್ಯಾಮೆರಾ ಕೆಳಗೆ ಕೂತು ಬರೆದ ಮಕ್ಕಳು ಈಗೀಗ ಹದಿನೆಂಟು ತುಂಬಿ ಇದೇ ಸಾಲಿಗೆ ಬಂದು ನಿಲ್ಲುತ್ತಿದ್ದಾರೆ. ಅವರಿಗೆ ಏನು ಉತ್ತರ ಕೊಡುತ್ತೀರಿ?

"ಬೇರೆ ಬೇರೆ ವರ್ಷದ ಅಂಕವನ್ನು ಹೋಲಿಸಲು ಆಗುವುದಿಲ್ಲ, ಅದು ತಾಂತ್ರಿಕ ಸಮಸ್ಯೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದೇ ಸರ್ಕಾರಿ ವ್ಯವಸ್ಥೆ ಅದನ್ನು ಒಮ್ಮೆ ಮಾಡಿ ತೋರಿಸಿದೆ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಅಂಕ ನೋಡಿ ಎಲ್ಲರನ್ನೂ ಪಾಸು ಮಾಡಲಾಯಿತು. ಆ ಬ್ಯಾಚಿನ ಸಾವಿರಾರು ವಿದ್ಯಾರ್ಥಿಗಳು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕವನ್ನು ಪರೀಕ್ಷಾ ಪ್ರಾಧಿಕಾರ ಪರಿಗಣಿಸಲಿಲ್ಲ. ಅವರು ಹೈಕೋರ್ಟಿಗೆ ಹೋದರು. ಕೊನೆಗೆ ತಜ್ಞರ ಸಮಿತಿ ಕೂತು, ಆ ಬ್ಯಾಚಿನವರ ಅಂಕದಲ್ಲಿ ವಿಷಯಕ್ಕೆ ಸರಾಸರಿ 6 ಅಂಕ ಕಳೆದು ಹೋಲಿಸಬಹುದು ಎಂದಿತು. ಅದನ್ನು ಒಪ್ಪಿ ಹೊಸ ರ‍್ಯಾಂಕ್ ಪಟ್ಟಿ ಬಂತು.

ಅಂದರೆ ಎಂಜಿನಿಯರಿಂಗ್ ಸೀಟಿನ ಪ್ರಶ್ನೆ ಬಂದಾಗ, ವಕೀಲರನ್ನು ಇಡುವ ಶಕ್ತಿ ಇರುವ ತಂದೆ-ತಾಯಿ ಇದ್ದಾಗ, ಎರಡು ವರ್ಷದ ಅಂಕ ಒಂದೇ ಅಲ್ಲ ಎಂಬುದು ತಿಂಗಳೊಳಗೆ ಎಲ್ಲರಿಗೂ ಅರ್ಥವಾಗುತ್ತದೆ. ಕಂಬ ಹತ್ತುವ ಹುದ್ದೆಗೆ, ಅಂಚೆ ಹಂಚುವ ಹುದ್ದೆಗೆ ಅದೇ ಪ್ರಶ್ನೆ ಬಂದಾಗ ಯಾರಿಗೂ ಅರ್ಥವಾಗುವುದಿಲ್ಲ. ಕೂಲಿಯವನ ಮಗ ಯಾವ ಹೈಕೋರ್ಟಿಗೆ ಹೋಗಬೇಕು?

ಸರ್ಕಾರಕ್ಕೇ ನಂಬಿಕೆ ಇಲ್ಲದ ಅಂಕ

ಇನ್ನೊಂದು ತಮಾಷೆ ಇದೆ. ಹಿಂದೆ ಗ್ರಾಮ ಲೆಕ್ಕಿಗರನ್ನು ಪಿಯುಸಿ ಅಂಕದ ಮೇಲೆ ತೆಗೆದುಕೊಳ್ಳುತ್ತಿದ್ದರು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. 2024ರಲ್ಲಿ 1,000 ಹುದ್ದೆಗೆ ನೇಮಕ ಮಾಡುವಾಗ ಸರ್ಕಾರ ಪಿಯುಸಿ ಅಂಕವನ್ನು ಬದಿಗಿಟ್ಟು, ಪರೀಕ್ಷಾ ಪ್ರಾಧಿಕಾರದಿಂದ ಬೇರೆಯೇ ಸ್ಪರ್ಧಾತ್ಮಕ ಪರೀಕ್ಷೆ ಮಾಡಿಸಿತು. ಸರಿಯಾದ ನಿರ್ಧಾರವೇ ಇರಬಹುದು. ಆದರೆ ಅದರ ಅರ್ಥ ಏನು? ತಾನೇ ನಡೆಸಿದ ಪರೀಕ್ಷೆಯ, ತಾನೇ ಮುದ್ರೆ ಒತ್ತಿ ಕೊಟ್ಟ ಅಂಕಪಟ್ಟಿಯ ಮೇಲೆ ಸರ್ಕಾರಕ್ಕೇ ಭರವಸೆ ಇಲ್ಲ ಎಂದು. ಮನೆಯಾತನೇ ತನ್ನ ಹೊಲದ ಜೋಳ ತಿನ್ನಲೊಲ್ಲ, ಸಂತೆಯಲ್ಲಿ ಮಾತ್ರ ಮಾರುತ್ತಾನೆ.

ಅಂಕದ ಮೇಲೆ ನಂಬಿಕೆ ಹೋದಾಗ ಏನಾಗುತ್ತದೆ? ಪ್ರತಿ ಬಾಗಿಲಿಗೂ ಒಂದು ಹೊಸ ಪರೀಕ್ಷೆ ಹುಟ್ಟುತ್ತದೆ. ಸಿಇಟಿ, ನೀಟ್, ಪೊಲೀಸ್, ಪಿಡಿಒ, ಎಸ್‌ಡಿಎ. ಪ್ರತಿ ಪರೀಕ್ಷೆಯ ಬಾಗಿಲಲ್ಲಿ ಒಂದು ಕೋಚಿಂಗ್ ಸೆಂಟರ್ ಹುಟ್ಟುತ್ತದೆ. ಧಾರವಾಡ, ವಿಜಯಪುರದ ಬೀದಿಗಳಲ್ಲಿ ಮೂರು ವರ್ಷ, ನಾಲ್ಕು ವರ್ಷ ರೂಮು ಮಾಡಿಕೊಂಡು ಓದುವ ನಮ್ಮ ಕಡೆಯ ಹುಡುಗರನ್ನು ನೋಡಿ. ಶಾಲೆಯಲ್ಲಿ ಹನ್ನೆರಡು ವರ್ಷ ಕೂತು ಪಡೆದ ಸರ್ಟಿಫಿಕೇಟು ಏನನ್ನೂ ಹೇಳಲಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಹೊಲ ಮಾರಿ ಫೀಸು ಕಟ್ಟಿದವರೂ ಅವರಲ್ಲಿದ್ದಾರೆ.

ಇನ್ನು ಮೇಲಿನ ಪರೀಕ್ಷೆಗಳಾದರೂ ಕೆಳಗಿನ ಪಾಠಕ್ಕೆ ಹೊಂದುತ್ತವೆಯೇ? 2024ರ ಏಪ್ರಿಲ್ 18, 19ರ ಸಿಇಟಿ ನೆನಪಿರಬೇಕು. ನಾಲ್ಕು ವಿಷಯ, ತಲಾ 60 ಪ್ರಶ್ನೆ, ಒಟ್ಟು 240. ಅದರಲ್ಲಿ 50 ಪ್ರಶ್ನೆ ಪಠ್ಯದ ಹೊರಗಿನವು ಎಂದು ಆಮೇಲೆ ಕೈಬಿಡಬೇಕಾಯಿತು. ಪಿಯು ಪಠ್ಯದಿಂದ ತೆಗೆದುಹಾಕಿದ ಭಾಗದಿಂದಲೇ ಪ್ರಶ್ನೆ ಕೇಳಿದ್ದರು. ಐದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಶ್ನೆ! ಎರಡೂ ರಾಜ್ಯ ಸರ್ಕಾರದ ಸಂಸ್ಥೆಗಳು, ಎರಡೂ ಕಚೇರಿ ಇರುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿ. ಯಾವ ಪಾಠ ಇದೆ, ಯಾವುದು ಇಲ್ಲ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಲು ಆಗಲಿಲ್ಲ. ಕೋಚಿಂಗಿಗೆ ಹೋದವನಿಗೆ ಆ ಪಾಠವೂ ಬಂದಿತ್ತು. ಸರ್ಕಾರಿ ಪಿಯು ಕಾಲೇಜಿನ ಹುಡುಗಿಗೆ ಬಂದಿರಲಿಲ್ಲ. ಪ್ರಶ್ನೆ ಕೈಬಿಟ್ಟರು ನಿಜ. ಅದರ ಮುಂದೆ ಕೂತು ಅವಳು ಕಳೆದ ಸಮಯ, ಕಳೆದುಕೊಂಡ ಧೈರ್ಯವನ್ನು ಯಾರು ಕೈಬಿಡುತ್ತಾರೆ?

ಏಣಿಯ ತುದಿಗೆ ಹೋದರೂ ಕಥೆ ಅದೇ. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ಮತ್ತೆ ತಪ್ಪು. ಕನ್ನಡದಲ್ಲಿ ಓದಿ ಬಂದವನು ಇಂಗ್ಲಿಷ್ ಪ್ರಶ್ನೆ ನೋಡಿ ಕನ್ನಡ ಪ್ರಶ್ನೆಯ ಅರ್ಥ ಮಾಡಿಕೊಳ್ಳಬೇಕು!

ಪಾಸಾದವನಿಗೆ ಏನು ಬರುತ್ತದೆ?

ಪಾಸ್ ಅಂಕ 35 ಇರಲಿ, 33 ಇರಲಿ, ನನ್ನ ಪ್ರಶ್ನೆ ಬೇರೆ. 625ಕ್ಕೆ 206 ತೆಗೆದು ಪಾಸಾದ ಹುಡುಗನಿಗೆ ಏನೇನು ಬರುತ್ತದೆ ಎಂದು ಮಂಡಳಿ ಒಂದು ಹಾಳೆಯಲ್ಲಿ ಬರೆದು ಕೊಡಲಿ. ಕನ್ನಡದಲ್ಲಿ ಒಂದು ಪುಟ ಓದಿ ಅದರ ಸಾರಾಂಶ ಹೇಳುತ್ತಾನೆಯೇ? ಶೇಕಡಾ ಲೆಕ್ಕ ಗೊತ್ತೇ? ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 36 ಎಂದು ಹೇಳಬಲ್ಲನೇ? ಪಹಣಿಯಲ್ಲಿ ಎಕರೆ-ಗುಂಟೆ ಓದಿ ಮೂವರು ಅಣ್ಣತಮ್ಮಂದಿರಿಗೆ ಹಂಚಬಲ್ಲನೇ? ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಬಲ್ಲನೇ? ಇದಕ್ಕೆ ಅಂಕಪಟ್ಟಿಯಲ್ಲಿ ಉತ್ತರ ಇಲ್ಲ. ಅಲ್ಲಿರುವುದು ಒಂದು ಸಂಖ್ಯೆ, ಒಂದು ಶ್ರೇಣಿ.

ಪಠ್ಯದಲ್ಲಿ ಇಲ್ಲ ಎಂದಲ್ಲ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಓಮ್‌ನ ನಿಯಮ ಇದೆ, ಫ್ಯೂಸ್ ಇದೆ, ಭೂಸಂಪರ್ಕ ತಂತಿ ಇದೆ. ಗಣಿತದಲ್ಲಿ ಕ್ಷೇತ್ರಫಲ, ಘನಫಲ, ಸಂಖ್ಯಾಶಾಸ್ತ್ರ ಇದೆ. ಆದರೆ ಪರೀಕ್ಷೆ ಕೇಳುವುದು "ನಿಯಮ ನಿರೂಪಿಸಿ, ಚಿತ್ರ ಬರೆದು ಭಾಗ ಗುರುತಿಸಿ". ಪ್ರಶ್ನೆ ಹೇಗೆ ಬರುತ್ತದೆ ಎಂದು ಗೊತ್ತಿರುವ ಮೇಷ್ಟ್ರು ಹಾಗೆಯೇ ಪಾಠ ಮಾಡುತ್ತಾರೆ. ಜನವರಿ ಬಂದರೆ "ಪಾಸಿಂಗ್ ಪ್ಯಾಕೇಜ್" ಎಂದು ಆಯ್ದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಮೇಷ್ಟ್ರನ್ನು ಬೈದು ಪ್ರಯೋಜನ ಇಲ್ಲ. ಜಿಲ್ಲೆಯ ಶೇಕಡಾವಾರು ಫಲಿತಾಂಶ ಕಡಿಮೆ ಬಂದರೆ ನೋಟಿಸು ಬರುವುದು ಅವರಿಗೆ. ಓಮ್‌ನ ನಿಯಮ ತಿಳಿಯದೆ ಕಂಬ ಹತ್ತಿದವನಿಗೆ ಏನಾಯಿತು ಎಂದು ಕೇಳಿ ಯಾವ ಡಿಡಿಪಿಐಗೂ ನೋಟಿಸು ಬರುವುದಿಲ್ಲ.

625ರಲ್ಲಿ 125 ಆಂತರಿಕ ಅಂಕ. ಮಾಡಿ ತೋರಿಸುವುದು, ಮಾತನಾಡುವುದು, ಅಳೆಯುವುದು, ಪ್ರಯೋಗ ಮಾಡುವುದು, ಅಂದರೆ ಕೆಲಸಕ್ಕೆ ನಿಜವಾಗಿ ಬೇಕಾದದ್ದನ್ನೆಲ್ಲ ಪರೀಕ್ಷಿಸಬೇಕಾದ ಜಾಗ ಅದು. ಅದನ್ನು ಹೇಗೆ ತುಂಬುತ್ತಾರೆ ಎಂದು ಯಾವುದೇ ಪ್ರೌಢಶಾಲೆಯ ಅಂಗಳದಲ್ಲಿ ನಿಂತು ಕೇಳಿ. ಪ್ರಾಜೆಕ್ಟು ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಅಂಕ ಬಹುಪಾಲು ಎಲ್ಲರಿಗೂ ತುಂಬಿ ಬರುತ್ತದೆ.

ಕಾಲೇಜಿಗೆ ಹೊಂದುತ್ತದೆಯೇ ಅಂದರೆ ಅದೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನಕ್ಕೆ 90 ತೆಗೆದ ಹುಡುಗಿ ಜೂನ್ ತಿಂಗಳಲ್ಲಿ ಪಿಯು ವಿಜ್ಞಾನಕ್ಕೆ ಸೇರುತ್ತಾಳೆ. ನಿನ್ನೆಯವರೆಗೆ ದ್ಯುತಿಸಂಶ್ಲೇಷಣೆ ಆಗಿದ್ದದ್ದು ಇವತ್ತು ಫೋಟೋಸಿಂಥೆಸಿಸ್. ಅವಳಿಗೆ ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆ ಪದ್ಯದ ಸಾಲು ಪೂರ್ತಿ ಮಾಡಿಸಿತು, ಪತ್ರ ಬರೆಸಿತು. ವಿಜ್ಞಾನದ ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುತ್ತಾಳೆಯೇ ಎಂದು ಕೇಳಲಿಲ್ಲ. ದೀಪಾವಳಿ ಹೊತ್ತಿಗೆ ಅವಳು ಕಲಾ ವಿಭಾಗಕ್ಕೆ ಬರುತ್ತಾಳೆ, ಇಲ್ಲವೇ ಮನೆಗೆ. ಕಲಾ ವಿಭಾಗದಲ್ಲಾದರೂ ನೆಮ್ಮದಿ ಇದೆಯೇ? 2025ರ ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನದಲ್ಲಿ ಪಾಸಾದವರು ಶೇ 82.45, ವಾಣಿಜ್ಯದಲ್ಲಿ ಶೇ 76.07, ಕಲೆಯಲ್ಲಿ ಶೇ 53.29. ಎಲ್ಲೂ ಹೊಂದದವರನ್ನು ಕಲಾ ವಿಭಾಗಕ್ಕೆ ತಳ್ಳಿ, ಅಲ್ಲಿ ಅರ್ಧದಷ್ಟು ಮಂದಿಯನ್ನು ಫೇಲು ಮಾಡಿ ಕೈತೊಳೆದುಕೊಳ್ಳುತ್ತೇವೆ.

ನಾನು ಸುದ್ದಿ ಮಾಡುವುದು ಯಾದಗಿರಿ ಜಿಲ್ಲೆಯಲ್ಲಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 50.59 ತೆಗೆದು ಕೊನೆಗೆ ನಿಂತ ಜಿಲ್ಲೆ, 2025ರ ಪಿಯುಸಿಯಲ್ಲಿ ಶೇ 48.45 ತೆಗೆದು ಮತ್ತೆ ಕೊನೆಗೆ ನಿಂತ ಜಿಲ್ಲೆ. ಇಲ್ಲಿನ ಕಡೇಚೂರು-ಬಾಡಿಯಾಳದಲ್ಲಿ ಕೈಗಾರಿಕೆಗಾಗಿ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಯಿತು. ರೈಲ್ವೆ ಬೋಗಿ ಫ್ಯಾಕ್ಟರಿ ಬಂತು, ಔಷಧ, ರಾಸಾಯನಿಕ ಕಂಪನಿಗಳು ಬಂದವು. ಭೂಮಿ ಕೊಟ್ಟ ಊರಿನವರು "ನಮ್ಮ ಹುಡುಗರಿಗೆ ಕೆಲ್ಸ ಕೊಡ್ರಿ" ಅಂದರೆ "ಸ್ಕಿಲ್ ಇಲ್ಲ" ಎಂಬ ಉತ್ತರ. ಗೇಟಿನ ಒಳಗೆ ಏನು ಸ್ಕಿಲ್ ಬೇಕು ಎಂದು ಗೇಟಿನ ಹೊರಗಿನ ಶಾಲೆಗೆ ಯಾರೂ ಹೇಳಿಲ್ಲ. ಎರಡರ ನಡುವೆ ಬರೀ ಒಂದು ಕಾಂಪೌಂಡ್ ಗೋಡೆ.

"ಕೆಲಸಕ್ಕೆ ತಯಾರು" ಎಂಬ ಮಾತಿನ ಅಪಾಯ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪರೀಕ್ಷೆಯನ್ನು ಕೆಲಸಕ್ಕೆ ಹೊಂದಿಸಿ ಅಂದ ಕೂಡಲೇ ಕೆಲವರಿಗೆ ಬೇರೆಯೇ ಐಡಿಯಾ ಬರುತ್ತದೆ. "ಹಾಗಾದರೆ ಹದಿನೈದಕ್ಕೇ ಬೇರೆ ಮಾಡಿಬಿಡಿ, ಜಾಣರು ಕಾಲೇಜಿಗೆ, ಉಳಿದವರು ಸ್ಪ್ಯಾನರ್ ಹಿಡಿಯಲಿ." ಈ ಮಾತನ್ನು ಒಪ್ಪಲೇಬಾರದು. ಯಾರ ಮಕ್ಕಳು ಸ್ಪ್ಯಾನರ್ ಹಿಡಿಯುತ್ತಾರೆ ಎಂಬುದು ಪರೀಕ್ಷೆಗೆ ಮೊದಲೇ ಊರಿಗೆಲ್ಲ ಗೊತ್ತಿರುತ್ತದೆ. ಕೇರಿಯ ಮಕ್ಕಳು, ತಾಂಡಾದ ಮಕ್ಕಳು, ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಡುವ ಮಕ್ಕಳು. ಸಿಬಿಎಸ್‌ಇ ಹತ್ತನೇ ತರಗತಿಗೆ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಗಣಿತ ಮಾಡಿದೆ. ನಮ್ಮಲ್ಲಿ ಹಾಗೆ ಮಾಡಿದರೆ ಗಣಿತದ ಮೇಷ್ಟ್ರೇ ಇಲ್ಲದ ಶಾಲೆಗಳೆಲ್ಲ ಮಾರನೇ ದಿನವೇ ಬೇಸಿಕ್ ಶಾಲೆಗಳಾಗುತ್ತವೆ.

ಅಮೆರಿಕದವರು 2010ರಿಂದ ಇದೇ "ಕಾಲೇಜಿಗೆ, ಕೆಲಸಕ್ಕೆ ತಯಾರು" ಎಂಬ ಘೋಷಣೆ ಹಿಡಿದು 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಾಮನ್ ಕೋರ್ ಎಂಬ ಒಂದೇ ಗುಣಮಟ್ಟ ತಂದರು. ಅದಕ್ಕೆ ಹೊಸ ಪರೀಕ್ಷೆ ಮಾಡಲು ರಾಜ್ಯಗಳೇ ಕೂಟ ಕಟ್ಟಿದವು. ಕೆಲವೇ ವರ್ಷದಲ್ಲಿ ಒಂದೊಂದಾಗಿ ರಾಜ್ಯಗಳು ಆ ಕೂಟಗಳಿಂದ ಹೊರಬಂದವು. ಪಾಠ ಹೇಳುವವರಿಗೆ, ತಂದೆ-ತಾಯಿಗೆ ನಂಬಿಕೆ ಬರಿಸದೆ ಮೇಲಿನಿಂದ ಪರೀಕ್ಷೆ ಬದಲಿಸಿದರೆ ಅದು ನಿಲ್ಲುವುದಿಲ್ಲ ಎಂಬ ಪಾಠವನ್ನಂತೂ ಅಲ್ಲಿಂದ ಕಲಿಯಬಹುದು.

ನಾವೇನು ಕಲಿತೆವು? 5, 8, 9ನೇ ತರಗತಿಗೂ ಬೋರ್ಡ್ ಮಾದರಿ ಪರೀಕ್ಷೆ ತರಲು ಹೋದೆವು. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಅಂದಿತು, ಮಾರ್ಚ್ 22ರಂದು ವಿಭಾಗೀಯ ಪೀಠ ಸರಿ ಅಂದಿತು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಪರೀಕ್ಷೆ ನಡುವೆ ನಿಂತು, ಮತ್ತೆ ನಡೆದು, ಫಲಿತಾಂಶ ಮಾತ್ರ ಬರಲಿಲ್ಲ. ಹತ್ತು ವರ್ಷದ ಮಗುವಿನ ಕಲಿಕೆ ತಿಳಿಯಲು ದೆಹಲಿಯವರೆಗೆ ಹೋದ ನಾವು, ಆ ಮಗುವಿಗೆ ಭಾಗಾಕಾರ ಬರುತ್ತದೆಯೇ ಎಂದು ಕೊನೆಗೂ ತಿಳಿದುಕೊಳ್ಳಲಿಲ್ಲ.

ಹಾಗಾದರೆ ಏನು ಮಾಡಬೇಕು?

ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸ ಕಟ್ಟಡ ಬೇಡ, ಹೊಸ ಮಂಡಳಿ ಬೇಡ.

ಒಂದು, ಪ್ರತಿ ಅಂಕಪಟ್ಟಿಯಲ್ಲಿ ಅಂಕದ ಪಕ್ಕದಲ್ಲಿ ಆ ವರ್ಷ ಆ ವಿದ್ಯಾರ್ಥಿ ಎಷ್ಟು ಶೇಕಡಾ ಮಂದಿಗಿಂತ ಮುಂದಿದ್ದಾನೆ ಎಂಬ ಪರ್ಸೆಂಟೈಲ್ ಮುದ್ರಿಸಬೇಕು. ಹಳೆಯ ವರ್ಷಗಳಿಗೂ ಇದನ್ನು ಲೆಕ್ಕ ಹಾಕಿ ಕೊಡಬಹುದು, ದತ್ತಾಂಶ ಮಂಡಳಿಯ ಕಂಪ್ಯೂಟರಿನಲ್ಲೇ ಇದೆ. ರಾಜ್ಯದ ಯಾವ ನೇಮಕಾತಿಯೂ ಬೇರೆ ಬೇರೆ ವರ್ಷದ ಬರೀ ಅಂಕವನ್ನು ಒಂದೇ ಪಟ್ಟಿಯಲ್ಲಿ ಕೂಡಿಸಬಾರದು. ಅಂಚೆ ಇಲಾಖೆಗೂ ರಾಜ್ಯ ಸರ್ಕಾರ ಇದನ್ನೇ ಬರೆದು ಕೇಳಬೇಕು.

ಎರಡು, ಪಾಸ್ ಅಂಕ ಇಷ್ಟು ಎಂದು ಘೋಷಿಸುವ ಮೊದಲು ಪಾಸಾದವನಿಗೆ ಏನು ಬರಬೇಕು ಎಂಬುದನ್ನು ಸರಳ ಕನ್ನಡದಲ್ಲಿ ಬರೆದು ಪ್ರತಿ ಶಾಲೆಯ ಗೋಡೆಗೆ ಹಚ್ಚಬೇಕು. ಪ್ರಶ್ನೆಪತ್ರಿಕೆ ಅದರ ಪ್ರಕಾರ ಬರಬೇಕು.

ಮೂರು, ಪ್ರಶ್ನೆಪತ್ರಿಕೆಯ ನೀಲನಕ್ಷೆ ಮಾಡುವ ಮೇಜಿಗೆ ಪಿಯು ಉಪನ್ಯಾಸಕರು, ಐಟಿಐ, ಪಾಲಿಟೆಕ್ನಿಕ್ ಬೋಧಕರು ಬರಬೇಕು. ಸಿಇಟಿ ನಡೆಸುವವರು ಮತ್ತು ಪಿಯು ಪರೀಕ್ಷೆ ನಡೆಸುವವರು ವರ್ಷದ ಆರಂಭದಲ್ಲೇ ಒಂದೇ ಪಠ್ಯಪಟ್ಟಿಗೆ ಸಹಿ ಹಾಕಿ ಪ್ರಕಟಿಸಬೇಕು.

ನಾಲ್ಕು, ಎಸ್ಸೆಸ್ಸೆಲ್ಸಿಯಲ್ಲಿ ಈಗಾಗಲೇ ಎನ್‌ಎಸ್‌ಕ್ಯೂಎಫ್ ಅಡಿ ಐಟಿ, ಆಟೊಮೊಬೈಲ್, ರೀಟೇಲ್, ಹೆಲ್ತ್‌ಕೇರ್ ಮುಂತಾದ ವಿಷಯಗಳಿವೆ. ತೃತೀಯ ಭಾಷೆಯ ಜಾಗದಲ್ಲಿ ಅದನ್ನು ತೆಗೆದುಕೊಂಡ ಮಕ್ಕಳಿದ್ದಾರೆ. ಅದನ್ನು ಕಲಿತವನಿಗೆ ಅದೇ ವಿಷಯದ ಐಟಿಐ, ಡಿಪ್ಲೊಮಾ ಸೀಟಿನಲ್ಲಿ ಒಂದಿಷ್ಟು ಆದ್ಯತೆ ಕೊಡಿ. ಅದನ್ನು ಕಲಿಸುವವರಿಗೆ ಕಾಯಂ ಸಂಬಳ ಕೊಡಿ. ಇಲ್ಲದಿದ್ದರೆ ಹಿಂದಿನ ಜೆಓಸಿ ಕೋರ್ಸಿನ ಹಾಗೆ ಅದೂ ಒಂದು ದಿನ ಬೋರ್ಡು ಮಾತ್ರ ಉಳಿದು ಮುಚ್ಚುತ್ತದೆ.

ಐದು, ಎಂಟನೇ ತರಗತಿಗೆ ಸೇರಿದ ಜೂನ್ ತಿಂಗಳಲ್ಲೇ ಒಂದು ಪರೀಕ್ಷೆ ಮಾಡಿ. ಪಾಸು-ಫೇಲು ಇಲ್ಲ, ರ‍್ಯಾಂಕ್ ಇಲ್ಲ, ಜಿಲ್ಲಾ ಸ್ಥಾನ ಇಲ್ಲ. ಫಲಿತಾಂಶ ಮೇಷ್ಟ್ರಿಗೆ ಮತ್ತು ಮನೆಯವರಿಗೆ ಮಾತ್ರ. ಏನು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಕಲಿಸಲು ಮೂರು ವರ್ಷ ಸಿಗುತ್ತದೆ. ಹತ್ತನೇ ತರಗತಿಯ ಮೇ ತಿಂಗಳಲ್ಲಿ ಗೊತ್ತಾದರೆ ಉಳಿಯುವುದು ಬೆಂಗಳೂರಿಗೆ ಗುಳೆ ಹೋಗುವ ಬಸ್ಸು ಮಾತ್ರ.

ಮುಂದಿನ ಫಲಿತಾಂಶದ ದಿನ ಮತ್ತೆ ಸುದ್ದಿಗೋಷ್ಠಿ ಇರುತ್ತದೆ. ಯಾವ ಜಿಲ್ಲೆ ಫಸ್ಟ್, ಯಾವುದು ಲಾಸ್ಟ್, ಬಾಲಕಿಯರದ್ದೇ ಮೇಲುಗೈ ಎಂಬ ಹಾಳೆಯನ್ನು ಕೈಗೆ ಕೊಡುತ್ತಾರೆ. ಅಲ್ಲಿರುವ ಎಲ್ಲ ವರದಿಗಾರ ಮಿತ್ರರಲ್ಲಿ ಒಂದೇ ವಿನಂತಿ. ಅಧಿಕಾರಿಗಳು ಶೇಕಡಾವಾರು ಓದಿ ಮುಗಿಸಿದ ಮೇಲೆ ಕೇಳಿ: "ಸಾರ್, ಈ ಸಲದ 70 ಅಂಕವೂ ಹೋದ ಸಲದ 70 ಅಂಕವೂ ಒಂದೇನಾ?" ಒಂದೇ ಅಂದರೆ ಆಧಾರ ಕೇಳಿ. ಒಂದಲ್ಲ ಅಂದರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಕೆಲಸ ಹಂಚುತ್ತಿರುವುದು ಯಾಕೆ ಎಂದು ಕೇಳಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ.